ಕ್ಯಾಪಿನ ಆಯುಸ್ಸು ಅದರ ಅಂಚಿನಲ್ಲಿದೆ

ಹಲ್ಲಿನೊಳಗಿನ ನರ ತೆಗೆಯುವ ರೂಟ್ ಕೆನಾಲ್ ಚಿಕಿತ್ಸೆ ಮುಗಿದು ನೋವು ನಿಂತ ಮೇಲೆ, ಹಲ್ಲಿಗೆ ಹೊದಿಸುವ ಗಟ್ಟಿ ಕವಚವಾದ ಕ್ಯಾಪ್ ಹಾಕಿಸಿಕೊಳ್ಳಲು ಮರಳಿ ಬಾರದವರು ಬಹಳ ಮಂದಿ. ಬಿತ್ತನೆ ಶುರುವಾಗಿರುತ್ತದೆ, ಮೆಣಸಿನಕಾಯಿ ಬಿಡಿಸಬೇಕಿರುತ್ತದೆ. ಮಸ್ಕಿಯಿಂದ ರಾಯಚೂರಿಗೋ ಕುಷ್ಟಗಿಯಿಂದ ಕೊಪ್ಪಳಕ್ಕೋ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ನೋವೇ ಇಲ್ಲದ ಹಲ್ಲಿಗೆ ಇಷ್ಟೆಲ್ಲ ಯಾಕೆ ಅನಿಸುವುದು ಸಹಜ. ಕೆಲವು ತಿಂಗಳಾದ ಮೇಲೆ ಖಡಕ್ ರೊಟ್ಟಿಯನ್ನೋ ಅಡಿಕೆ ಹೋಳನ್ನೋ ಕಚ್ಚಿದಾಗ ಅದೇ ಹಲ್ಲು ಬೇರಿನವರೆಗೆ ಸೀಳುತ್ತದೆ. ಹಾಗೆ ಉದ್ದಕ್ಕೆ ಸೀಳಿದ ಹಲ್ಲನ್ನು ಕೀಳದೆ ಬೇರೆ ದಾರಿ ಇರುವುದು ಅಪರೂಪ.

ನರ ತೆಗೆದ ಹಲ್ಲು ಒಣಗಿ ಪುಡಿಯಾಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಳೆದು ನೋಡಿದಾಗ ಕಂಡದ್ದು ಬೇರೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೂಟ್ ಕೆನಾಲ್ ಚಿಕಿತ್ಸೆಯಿಂದ ಹಲ್ಲಿನ ಬಿಗಿತ ತಗ್ಗಿದ್ದು ಶೇ 5ರಷ್ಟು ಮಾತ್ರ. ಅಕ್ಕಪಕ್ಕದ ಹಲ್ಲುಗಳಿಗೆ ತಾಗುವ ಎರಡೂ ಬದಿಯ ಗೋಡೆಗಳನ್ನು ಕೊರೆದಾಗ ತಗ್ಗಿದ್ದು ಶೇ 63. ಹಲ್ಲನ್ನು ದುರ್ಬಲ ಮಾಡುವುದು ಹುಳುಕು ತಿಂದುಹಾಕಿದ ಗೋಡೆ, ನರ ಹೋದದ್ದಲ್ಲ. ಆದ್ದರಿಂದ ಹಿಂಬದಿಯಲ್ಲಿ ಸಣ್ಣ ರಂಧ್ರ ಬಿಟ್ಟರೆ ಉಳಿದೆಲ್ಲ ಗಟ್ಟಿಯಿರುವ ಮುಂದಿನ ಹಲ್ಲಿಗೆ ಫಿಲ್ಲಿಂಗ್ ಸಾಕಾಗಬಹುದು. ಬದಿ ಗೋಡೆ ಕಳೆದುಕೊಂಡ ದವಡೆ ಹಲ್ಲಿಗೆ ಕ್ಯಾಪ್ ಬೇಕೇ ಬೇಕು, ಅದೂ ಬೇಗ.

ಕ್ಯಾಪ್ ಹಾಕುವ ಮುನ್ನ ಅದಕ್ಕೆ ಜಾಗ ಮಾಡಬೇಕು. ಕಚ್ಚುವ ಮೇಲ್ಭಾಗದಲ್ಲಿ ಸುಮಾರು 1.5ರಿಂದ 2 ಮಿ.ಮೀ., ಸುತ್ತಲೂ 1ರಿಂದ 1.5 ಮಿ.ಮೀ. ಸವೆಸುತ್ತಾರೆ. ಪೂರ್ತಿ ಲೋಹದ ಕ್ಯಾಪಿಗೆ ಇದಕ್ಕಿಂತ ಕಡಿಮೆ ಸಾಕು. ಸವೆಸಿದ ಹಲ್ಲಿನ ಗೋಡೆಗಳು ಮೇಲಕ್ಕೆ ಹೋದಂತೆ ಒಳಕ್ಕೆ ಬಹಳ ಸ್ವಲ್ಪ ಮಾತ್ರ ಬಾಗಿರಬೇಕು. ಹೆಚ್ಚು ಬಾಗಿದರೆ ಕ್ಯಾಪ್ ಹಿಡಿತ ಕಳೆದುಕೊಂಡು ಪದೇ ಪದೇ ಬಿಚ್ಚಿ ಬರುತ್ತದೆ. ಸವೆಸಿ ಉಳಿದ ಹಲ್ಲಿನ ಎತ್ತರ ದವಡೆಯಲ್ಲಿ 4 ಮಿ.ಮೀ.ಗಿಂತ ಕಡಿಮೆಯಾದರೂ ಇದೇ ಪಾಡು. ಕ್ಯಾಪ್ ಬಿಚ್ಚಿದಾಗೆಲ್ಲ ಸಿಮೆಂಟಿನ ಮೇಲೆ ಗೂಬೆ ಕೂರಿಸುವುದು ರೂಢಿ. ಎರಡು ಮೂರು ಸಲ ಬಿಚ್ಚಿದರೆ ಹಲ್ಲಿನ ಆಕಾರವನ್ನೇ ಪರೀಕ್ಷಿಸಬೇಕು.

ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಕ್ಯಾಪಿನ ಅಂಚಿನ ಮೇಲೆ, ಸುತ್ತಲೂ, 1.5ರಿಂದ 2 ಮಿ.ಮೀ. ಎತ್ತರದಷ್ಟಾದರೂ ಸ್ವಂತ ಹಲ್ಲು ಉಳಿದಿರಬೇಕು. ಕ್ಯಾಪ್ ಈ ಪಟ್ಟಿಯನ್ನು ಅಪ್ಪಿ ಹಿಡಿದಾಗಲೇ ಬೇರು ಸೀಳದಂತೆ ತಡೆಯುತ್ತದೆ. ಹಲ್ಲು ವಸಡಿನ ಮಟ್ಟಕ್ಕೆ ಮುರಿದಿದ್ದರೆ ಬೇರಿನೊಳಗೆ ಪೋಸ್ಟ್ ಎಂಬ ಕಡ್ಡಿ ಇಟ್ಟು, ಮೇಲೆ ಫಿಲ್ಲಿಂಗ್ ವಸ್ತುವಿನಿಂದ ದಿಂಡು ಕಟ್ಟಿ, ಅದಕ್ಕೆ ಕ್ಯಾಪ್ ಹಾಕುವುದುಂಟು. ಪೋಸ್ಟ್ ಹಿಡಿದಿಡುವುದು ಆ ದಿಂಡನ್ನು ಮಾತ್ರ, ಅದರಿಂದ ಬೇರಿಗೆ ಬಲ ಬರುವುದಿಲ್ಲ. ಉಳಿದ ಹಲ್ಲೇ ಇಲ್ಲದಿರುವಾಗ ಪೋಸ್ಟ್ ನಂಬಿ ಖರ್ಚು ಮಾಡುವುದು ನಷ್ಟದ ಬಾಬತ್ತು.

ಈಗ ಅಂಚಿನ ಮಾತು. ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಗೆರೆಯಲ್ಲಿ ಸಿಮೆಂಟಿನ ಪದರ ಇರುತ್ತದೆ. ಅಲ್ಲಿನ ಸಂದು 120 ಮೈಕ್ರಾನ್, ಎಂದರೆ 0.12 ಮಿ.ಮೀ. ಮೀರಬಾರದೆಂಬುದು ಬಹುಕಾಲದಿಂದ ಒಪ್ಪಿಕೊಂಡ ಮಿತಿ. ಸಂದು ದೊಡ್ಡದಾದರೆ ಸಿಮೆಂಟು ಎಂಜಲಿನಲ್ಲಿ ಕರಗುತ್ತದೆ, ಅಲ್ಲಿ ಪಾಚಿ ಕೂರುತ್ತದೆ, ಕ್ಯಾಪಿನ ಅಡಿಯಲ್ಲಿ ಹೊಸ ಹುಳುಕು ಹಿಡಿಯುತ್ತದೆ. ನರ ತೆಗೆದ ಹಲ್ಲಾದರೆ ನೋವೂ ಕಾಣದು. ಸಾಧ್ಯವಿದ್ದಲ್ಲೆಲ್ಲ ಅಂಚು ವಸಡಿನ ಮೇಲೆ, ಬ್ರಷ್ ತಾಗುವ ಕಡೆ ಇರುವುದೇ ಒಳ್ಳೆಯದು. ನಗುವಾಗ ಕಾಣುವ ಹಲ್ಲಿಗೆ ಅರ್ಧ ಮಿ.ಮೀ.ಯಷ್ಟು ವಸಡಿನೊಳಗೆ ಇಳಿಸಬಹುದು. ಎಲುಬಿನ ಹತ್ತಿರಕ್ಕೆ ಒಯ್ದರೆ ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುವುದು ನಿಲ್ಲುವುದೇ ಇಲ್ಲ.

ಅಂಚು ಕೂರುವುದು, ಕೂರದಿರುವುದು ಅಳತೆಯ, ಎಂದರೆ ಹಲ್ಲಿನ ಅಚ್ಚೊತ್ತಿಕೊಳ್ಳುವ ದಿನವೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ವಸಡಿನ ಸಂದಿನಲ್ಲಿ ಸಣ್ಣ ದಾರ ತುರುಕಿ, ಕೆಲವು ನಿಮಿಷ ಬಿಟ್ಟು, ವಸಡು ಸರಿದು ಅಂಚು ಕಂಡ ಮೇಲೆ ಅಳತೆ ತೆಗೆಯಬೇಕು. ರಕ್ತ, ಎಂಜಲು ಇದ್ದರೆ ಅಳತೆಯಲ್ಲಿ ಆ ಜಾಗ ಗುಳ್ಳೆಯಾಗುತ್ತದೆ. ಹಲ್ಲಿನ ಹತ್ತಿರ ತೆಳ್ಳನೆಯ ಸಿಲಿಕೋನ್, ಹೊರಗೆ ಗಟ್ಟಿ ಸಿಲಿಕೋನ್ ಸೇರಿಸಿ ತೆಗೆದ ಅಳತೆ ದಿನಗಟ್ಟಲೆ ಕೆಡುವುದಿಲ್ಲ. ನೀರಲ್ಲಿ ಕಲಸಿ ತಟ್ಟೆಗೆ ತುಂಬುವ ಆಲ್ಜಿನೇಟ್ ಹಾಗಲ್ಲ, ನೀರು ಆರಿ ಕುಗ್ಗುತ್ತದೆ, ತೆಗೆದ ಕೂಡಲೇ ಅಚ್ಚು ಹೊಯ್ಯಬೇಕು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಸಣ್ಣ ಊರಿನ ಕ್ಲಿನಿಕ್ಕಿನಿಂದ ಅಳತೆ ಬೇರೆ ಊರಿನ ಲ್ಯಾಬಿಗೆ ಬಸ್ಸಿನಲ್ಲೋ ಕೊರಿಯರಿನಲ್ಲೋ ಹೋಗುತ್ತದೆ, ರಾಯಚೂರು–ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೇಲಿನ ಕೆಳಗಿನ ಹಲ್ಲು ಹೇಗೆ ಕೂಡುತ್ತವೆ ಎಂದು ಮೇಣದಲ್ಲಿ ಕಚ್ಚಿಸಿಕೊಂಡ ಗುರುತೂ ಆ ಬಿಸಿಲಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಅದನ್ನೂ ಸಿಲಿಕೋನಿನಲ್ಲೇ ತೆಗೆಯುವುದು ಕ್ಷೇಮ. ಬಾಯೊಳಗೆ ಸ್ಕ್ಯಾನರ್ ಆಡಿಸಿ ಚಿತ್ರವನ್ನೇ ಕಳಿಸುವ ಕ್ಲಿನಿಕ್‌ಗಳಿಗೆ ಈ ತಾಪತ್ರಯವಿಲ್ಲ, ಆದರೆ ಅಂಚು ಕಾಣದಿದ್ದರೆ ಸ್ಕ್ಯಾನರಿಗೂ ಕಾಣದು.

ಕ್ಯಾಪ್ ಬರುವವರೆಗೆ ಅಕ್ರಿಲಿಕ್ಕಿನ ತಾತ್ಕಾಲಿಕ ಕ್ಯಾಪ್ ಇರಲೇಬೇಕು. ಇಲ್ಲದಿದ್ದರೆ ಜೀವಂತ ಹಲ್ಲು ಜುಮ್ಮೆನ್ನುತ್ತದೆ, ವಸಡು ಅಂಚಿನ ಮೇಲೆ ಬೆಳೆಯುತ್ತದೆ, ಪಕ್ಕದ ಹಲ್ಲು ವಾಲುತ್ತದೆ. ಆಮೇಲೆ ಸರಿಯಾದ ಅಳತೆಯ ಕ್ಯಾಪೂ ಕೂರುವುದಿಲ್ಲ. ತಾತ್ಕಾಲಿಕ ಕ್ಯಾಪ್ ಬಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ ಕೂರಿಸಿಕೊಳ್ಳಿ.

ಜನ ಹೆಚ್ಚು ಚೌಕಾಸಿ ಮಾಡುವುದು ವಸ್ತುವಿನ ಬಗ್ಗೆ. ಅಗ್ಗದ್ದು ನಿಕ್ಕಲ್–ಕ್ರೋಮಿಯಂ ಲೋಹ. ಅದರ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್ ಹಲ್ಲಿನ ಬಣ್ಣದ್ದು, ಆದರೆ ಪಿಂಗಾಣಿ ಚಕ್ಕೆ ಎದ್ದರೆ ಬಾಯಲ್ಲಿ ರಿಪೇರಿ ಗಟ್ಟಿ ನಿಲ್ಲದು, ವಸಡು ಇಳಿದಾಗ ಬೂದು ಗೆರೆ ಕಾಣುತ್ತದೆ. ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್ಕಿನ ಕ್ಯಾಪನ್ನು ಮೆತ್ತಗಿನ ಬಿಲ್ಲೆಯಿಂದ ಶೇ 20–25ರಷ್ಟು ದೊಡ್ಡದಾಗಿ ಕಡೆದು, ಸುಮಾರು 1500 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯಲ್ಲಿ ಕಾಯಿಸಿದಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಬಹಳ ಗಟ್ಟಿ. ಆದರೂ ಯಾರಿಗೂ ಕಾಣದ ಕೊನೆಯ ದವಡೆಗೆ, ಜೋಳದ ರೊಟ್ಟಿ ಅಗಿಯುವ ಬಾಯಿಗೆ, ಪೂರ್ತಿ ಲೋಹದ ಕ್ಯಾಪ್ ಇಂದಿಗೂ ಒಳ್ಳೆಯ ಆಯ್ಕೆ. ಇಮಿಟೇಶನ್ ಓಲೆ, ಸರದಿಂದ ಮೈ ತುರಿಸುವವರು ಮಾತ್ರ ನಿಕ್ಕಲ್ ಬೇಡವೆಂದು ಮೊದಲೇ ಹೇಳಬೇಕು. ಹತ್ತು ವರ್ಷದ ವಾರಂಟಿ ಕಾರ್ಡು ಕ್ಯಾಪಿನ ವಸ್ತುವಿಗೆ ಕೊಡುವ ಭರವಸೆ. ಒಳಗಿನ ಹಲ್ಲು ಹುಳುಕಾಗದು ಎಂದು ಯಾವ ಕಾರ್ಡೂ ಹೇಳುವುದಿಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಚಿಕ್ಕಂದಿನಲ್ಲಿ, ಹಲ್ಲು ಎಲುಬಿನೊಳಗೆ ರೂಪುಗೊಳ್ಳುವಾಗ ಕುಡಿದ ನೀರಿನ ಗುರುತು ಕಂದು ಕಲೆಯಾಗಿ ಉಳಿಯುತ್ತದೆ. ಮದುವೆ ಗೊತ್ತಾದ ಕೂಡಲೇ ಮುಂದಿನ ಆರು ಹಲ್ಲಿಗೂ ಕ್ಯಾಪ್ ಹಾಕಿಸುವ ಆತುರ ಬೇಡ ಎಂದು ಒತ್ತಿ ಹೇಳಬೇಕು. ಪೂರ್ತಿ ಕ್ಯಾಪಿಗಾಗಿ ಸವೆಸಿದಾಗ ಹಲ್ಲಿನ ಕಾಣುವ ಭಾಗದ ತೂಕದಲ್ಲಿ ಶೇ 60ರಿಂದ 70ರಷ್ಟು ಹೋಗುತ್ತದೆ. ಕಲೆ ಬಿಟ್ಟರೆ ಗಟ್ಟಿಯಿರುವ ಹಲ್ಲಿಗೆ ಮೇಲ್ಪದರ ಉಜ್ಜುವುದು, ಬ್ಲೀಚ್ ಮಾಡುವುದು, ಇಲ್ಲವೇ ಮುಂಭಾಗಕ್ಕೆ ಮಾತ್ರ ವಿನಿಯರ್ ಎಂಬ ತೆಳು ಹೊದಿಕೆ ಅಂಟಿಸುವುದು ಮೊದಲು. ಎನಾಮೆಲ್ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಕ್ಯಾಪಿನ ಯೋಚನೆ.

ಹಲ್ಲು ಪೂರ್ತಿ ಇಲ್ಲದ ಕಡೆ ಬ್ರಿಡ್ಜ್. ಖಾಲಿ ಜಾಗವನ್ನು ಹಾಗೇ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಎದುರಿನ ಹಲ್ಲು ಆ ಜಾಗಕ್ಕೆ ಇಳಿಯುತ್ತದೆ. ಹಲ್ಲು ಕಿತ್ತು ಎರಡು ಮೂರು ತಿಂಗಳಲ್ಲಿ ವಸಡು ಮಾಗಿದ ಮೇಲೆ, ಅತ್ತಿತ್ತಲ ಹಲ್ಲುಗಳನ್ನು ಸವೆಸಿ, ಮೂರನ್ನೂ ಕೂಡಿಸಿದ ಒಂದೇ ತುಂಡನ್ನು ಕೂರಿಸುತ್ತಾರೆ. ಹೆಚ್ಚಿನ ಭಾರ ಹೊರಲು ಬೇರುಗಳಿಗೆ ಶಕ್ತಿ ಬೇಕು. ಆಧಾರದ ಹಲ್ಲುಗಳ ಬೇರಿನ ಒಟ್ಟು ಮೇಲ್ಮೈ, ಇಲ್ಲದ ಹಲ್ಲುಗಳ ಬೇರಿನ ಮೇಲ್ಮೈಗಿಂತ ಕಡಿಮೆ ಇರಬಾರದೆಂದು 1926ರಲ್ಲಿ ಆಂಟೆ ಎಂಬ ದಂತವೈದ್ಯ ಹೇಳಿದ ನಿಯಮ ಇಂದಿಗೂ ಅಂದಾಜಿಗೆ ಬರುತ್ತದೆ. ಮಾಳಿಗೆ ಮನೆಯ ತೊಲೆಯಂತೆ ಬ್ರಿಡ್ಜ್ ಕೂಡ ಉದ್ದವಾದಷ್ಟು ಬಾಗುತ್ತದೆ, ಉದ್ದದ ಘನಕ್ಕೆ ತಕ್ಕಂತೆ: ಖಾಲಿ ಜಾಗ ಒಂದು ಹಲ್ಲಿನದಿದ್ದಾಗ ಬಾಗುವುದಕ್ಕಿಂತ ಎರಡು ಹಲ್ಲಿನದಾದರೆ 8 ಪಟ್ಟು, ಮೂರಾದರೆ 27 ಪಟ್ಟು. ಆ ಬಾಗುವಿಕೆಗೇ ಪಿಂಗಾಣಿ ಬಿರಿಯುತ್ತದೆ, ಸಿಮೆಂಟು ಬಿಡುತ್ತದೆ. ಅತ್ತಿತ್ತಲ ಹಲ್ಲುಗಳು ಚೊಕ್ಕವಾಗಿದ್ದರೆ ಅವನ್ನು ಸವೆಸುವುದಕ್ಕಿಂತ ಎಲುಬಿನಲ್ಲಿ ಕೂರಿಸುವ ಕೃತಕ ಬೇರು, ಇಂಪ್ಲಾಂಟ್, ವಾಸಿ, ಎಲುಬು ಸಾಕಷ್ಟಿದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ. ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ, ರಾಯಚೂರಿನ ದಂತ ಕಾಲೇಜುಗಳಲ್ಲಿ ಇಂಥದ್ದಕ್ಕೇ ಪ್ರತ್ಯೇಕ ವಿಭಾಗವಿರುತ್ತದೆ. ಓಡಾಟ ಹೆಚ್ಚಾಗಬಹುದು, ಆದರೆ ಎರಡನೆಯ ಅಭಿಪ್ರಾಯ ಸಿಗುತ್ತದೆ.

ಒಂದೇ ಭೇಟಿಯಲ್ಲಿ, ಕಡಿಮೆ ದುಡ್ಡಿಗೆ, ಅಕ್ಕಪಕ್ಕದ ಹಲ್ಲಿಗೆ ಅಕ್ರಿಲಿಕ್ ಮೆತ್ತಿ ತಂತಿ ಸುತ್ತಿ ಕೊಡುವ ‘ಫಿಕ್ಸ್ ಹಲ್ಲು’ ಬ್ರಿಡ್ಜ್ ಅಲ್ಲ. ಅದರಡಿ ಸ್ವಚ್ಛ ಮಾಡಲಾಗದೆ ಗಟ್ಟಿ ಹಲ್ಲುಗಳೂ ಅಲುಗಾಡಿ ಬೀಳುತ್ತವೆ.

ಸಿಮೆಂಟ್ ಹಾಕುವ ಮುನ್ನ ಕ್ಯಾಪನ್ನು ಕೂರಿಸಿ ನೋಡುವ ಹಂತದಲ್ಲಿ ಅವಸರ ಬೇಡ. ಹಲ್ಲುಗಳ ಸಂದಿನಲ್ಲಿ ದಾರ ಬಿಗಿಯಾಗಿ ಸರಿದು ಒಳಹೋಗಬೇಕು. ಸಲೀಸಾಗಿ ಜಾರಿದರೆ ನಾಳೆ ಅಲ್ಲಿ ಊಟ ಸಿಕ್ಕಿಕೊಳ್ಳುತ್ತದೆ. ಬಣ್ಣದ ಕಾಗದ ಕಚ್ಚಿದಾಗ ಕ್ಯಾಪಿನ ಮೇಲೆ ಮಾತ್ರ ಗಾಢ ಗುರುತು ಬಿದ್ದರೆ ಅದು ಎತ್ತರವಾಗಿದೆ. ‘ರೂಢಿಯಾಗುತ್ತದೆ’ ಎಂದು ಸುಮ್ಮನಾದರೆ ಹಲ್ಲು ನೋಯುತ್ತದೆ, ಪಿಂಗಾಣಿ ಒಡೆಯುತ್ತದೆ. ಅರಿವಳಿಕೆ ಇಳಿದ ಮೇಲೂ ಎತ್ತರ ಅನಿಸಿದರೆ ಮರುದಿನವೇ ಹೋಗಿ ತಗ್ಗಿಸಿಕೊಳ್ಳಿ.

ಮನೆಯಲ್ಲಿ ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಿನಿಂದ, ಬ್ರಷ್ಷನ್ನು ವಸಡಿನ ಗೆರೆಗೆ ಓರೆಯಾಗಿ ಹಿಡಿದು ಉಜ್ಜಬೇಕು. ಬ್ರಿಡ್ಜಿನ ನಡುವಿನ ಹಲ್ಲಿನ ಅಡಿಗೆ ಬ್ರಷ್ ಹೋಗದು, ತುದಿ ಗಡುಸಾದ ದಾರವನ್ನೋ ಸಂದಿನ ಸಣ್ಣ ಬ್ರಷ್ಷನ್ನೋ ತೂರಿಸಬೇಕು. ಬ್ರಿಡ್ಜಿನಲ್ಲಿ ಅತಿ ಮೋಸದ ಕೇಡು ಎಂದರೆ ಒಂದು ಬದಿ ಬಿಟ್ಟು ಇನ್ನೊಂದು ಬದಿ ಹಿಡಿದಿರುವುದು. ಹೊರಗೆ ಗಟ್ಟಿಯಾಗಿಯೇ ಇರುತ್ತದೆ, ಬಿಟ್ಟ ಬದಿಯಲ್ಲಿ ಹಲ್ಲು ಕೊಳೆಯುತ್ತದೆ. ಬಾಯಿ ವಾಸನೆ, ಕೆಟ್ಟ ರುಚಿ, ಬೆರಳಲ್ಲಿ ಒತ್ತಿದಾಗ ಅಂಚಿನಲ್ಲಿ ಏಳುವ ಸಣ್ಣ ಗುಳ್ಳೆಗಳು ಅದರ ಸೂಚನೆ. ಕ್ಯಾಪ್ ಪೂರ್ತಿ ಬಿದ್ದರೆ ಎಸೆಯಬೇಡಿ, ಅಂಗಡಿಯ ಗಮ್ ಹಚ್ಚಿ ಕೂರಿಸಬೇಡಿ. ತೊಳೆದು ಡಬ್ಬಿಯಲ್ಲಿಟ್ಟು ಒಂದೆರಡು ದಿನದೊಳಗೆ ಒಯ್ಯಿರಿ. ಒಳಗಿನ ಹಲ್ಲು ಕೆಟ್ಟಿರದಿದ್ದರೆ ಅದೇ ಕ್ಯಾಪನ್ನು ಮತ್ತೆ ಕೂರಿಸಬಹುದು.