ಋಣಾತ್ಮಕ ಪುನರ್ಬಲನ ಶಿಕ್ಷೆಯಲ್ಲ: ಅನುಬಂಧನ ಪಾಠದ ಟಿಪ್ಪಣಿ

ರಷ್ಯಾದ ವಿಜ್ಞಾನಿ ಪಾವ್ಲೋವ್ ಸದ್ದು ಕೇಳಿಸಿ ನಾಯಿಗೆ ಊಟ ಕೊಡುತ್ತಿದ್ದರು; ಬರಬರುತ್ತಾ ಸದ್ದಿಗೇ ನಾಯಿ ಜೊಲ್ಲು ಸುರಿಸತೊಡಗಿತು. ಅದು ಜೊಲ್ಲು ಸುರಿಸಲಿ ಬಿಡಲಿ, ಊಟ ಬಂದೇ ಬರುತ್ತಿತ್ತು. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ಪ್ರಯೋಗದ ಪೆಟ್ಟಿಗೆಯಲ್ಲಿದ್ದ ಇಲಿ ಸನ್ನೆಕೋಲು (ಲಿವರ್) ಒತ್ತದಿದ್ದರೆ ಅದಕ್ಕೆ ತಿನ್ನಲು ಏನೂ ಬೀಳುತ್ತಿರಲಿಲ್ಲ. ಹೀಗೆ ಒಂದಕ್ಕೊಂದು ನಂಟು ಬೆಳೆದು ಆಗುವ ಕಲಿಕೆಯೇ ಅನುಬಂಧನ. ನಾಯಿಯದು ಶಾಸ್ತ್ರೀಯ ಅನುಬಂಧನ, ಇಲಿಯದು ಕ್ರಿಯಾಜನ್ಯ ಅನುಬಂಧನ; ಎರಡಕ್ಕೂ ಇರುವ ವ್ಯತ್ಯಾಸ ಇಷ್ಟರಲ್ಲೇ ಇದೆ. (ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಕಲಿಕೆಗಲ್ಲ. ಬಹುಆಯ್ಕೆ ಪ್ರಶ್ನೆಯಲ್ಲಿ ಎಡವಬೇಡಿ.)

ನಾಯಿಯ ಪ್ರಯೋಗದಲ್ಲಿ ಕ್ರಮ ಮುಖ್ಯ. ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಸದ್ದು ಮೊದಲು, ಊಟ ಆಮೇಲೆ. ತಿರುಗಿಸಿದರೆ ಕಲಿಕೆ ತೀರ ದುರ್ಬಲ. ಊಟ ಬಾಯಿಗೆ ಬಿದ್ದ ಮೇಲೆ ಕೇಳುವ ಸದ್ದು ಮುಂದಾಗುವುದೇನನ್ನೂ ತಿಳಿಸುವುದಿಲ್ಲವಲ್ಲ.

ಕ್ರಿಯಾಜನ್ಯ ಅನುಬಂಧನದಲ್ಲಿ ಹೆಚ್ಚಿನವರು ಮುಗ್ಗರಿಸುವುದು ಋಣಾತ್ಮಕ ಪುನರ್ಬಲನದಲ್ಲಿ; ಅದನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ವರ್ತನೆ ಹೆಚ್ಚಿತೋ, ತಗ್ಗಿತೋ? ಹೆಚ್ಚಿದರೆ ಪುನರ್ಬಲನ, ತಗ್ಗಿದರೆ ಶಿಕ್ಷೆ. ಏನನ್ನಾದರೂ ಕೊಟ್ಟರೋ, ತೆಗೆದರೋ? ಕೊಟ್ಟರೆ ಧನಾತ್ಮಕ, ತೆಗೆದರೆ ಋಣಾತ್ಮಕ. ಇಲ್ಲಿ 'ಋಣ' ಅಂದರೆ ಲೆಕ್ಕದ ಮೈನಸ್. ಕೆಟ್ಟದ್ದು ಎಂಬ ಅರ್ಥವೇ ಇಲ್ಲ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿದೊಡನೆ ಕಿರಿಕಿರಿಯ ಬೀಪ್ ನಿಲ್ಲುತ್ತದೆ, ಬೆಲ್ಟ್ ಹಾಕುವ ರೂಢಿ ಬಲವಾಗುತ್ತದೆ: ಋಣಾತ್ಮಕ ಪುನರ್ಬಲನ. ತಡವಾಗಿ ಮನೆಗೆ ಬಂದ ಮಗನ ಮೊಬೈಲ್ ಕಿತ್ತಿಟ್ಟು, ತಡವಾಗಿ ಬರುವುದು ಕಡಿಮೆಯಾದರೆ ಅದು ಋಣಾತ್ಮಕ ಶಿಕ್ಷೆ.

ಧನಾತ್ಮಕ, ಋಣಾತ್ಮಕ ಪುನರ್ಬಲನ ಎರಡೂ ಒಟ್ಟಿಗೆ ನಡೆಯುವುದನ್ನು ನೋಡಬೇಕಾದರೆ ಕಿರಾಣಿ ಅಂಗಡಿಯ ಮುಂದೆ ನಿಲ್ಲಿ. ಮಗು ಚಾಕಲೇಟಿಗೆ ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳುತ್ತದೆ. ನಾಲ್ಕು ಜನ ತಿರುಗಿ ನೋಡುತ್ತಾರೆ. "ತಗೋ ಮಾರಾಯ, ಸುಮ್ಮನಿರು" ಎಂದು ಅಪ್ಪ ಕೊಡಿಸುತ್ತಾರೆ, ಅಳು ನಿಲ್ಲುತ್ತದೆ. ಅಳುವಿಗೆ ಚಾಕಲೇಟು ಸಿಕ್ಕಿತು: ಮಗುವಿಗೆ ಧನಾತ್ಮಕ ಪುನರ್ಬಲನ. ಕೊಡಿಸಿದ್ದಕ್ಕೆ ರಂಪ ತಪ್ಪಿತು: ಅಪ್ಪನಿಗೆ ಋಣಾತ್ಮಕ ಪುನರ್ಬಲನ. ಮುಂದಿನ ಸಲ ಮಗು ಬೇಗ ಅಳುತ್ತದೆ, ಅಪ್ಪ ಬೇಗ ಸೋಲುತ್ತಾರೆ.

ಕೊಡಿಸುವುದನ್ನು ನಿಲ್ಲಿಸಿದರೆ ವರ್ತನೆ ನಂದುತ್ತದೆ, ಆದರೆ ನೇರವಾಗಿ ಅಲ್ಲ. ಮೊದಮೊದಲು ಅಳು ಇನ್ನೂ ಜೋರಾಗುವುದುಂಟು. ಪಾಲಕರು ಕೈಬಿಡುವುದು ಇಲ್ಲೇ. ಮೂರು ದಿನ ತಡೆದು ನಾಲ್ಕನೇ ದಿನ ಕೊಡಿಸಿದರೆ ಜೋರು ಅಳುವಿಗೇ ಬಹುಮಾನ ಸಿಕ್ಕಂತೆ. ಮೇಲಾಗಿ ಅದು ಮಧ್ಯಂತರ ಪುನರ್ಬಲನ. ಯಾವಾಗಲೋ ಒಮ್ಮೆ ಫಲ ಸಿಗುವ ವರ್ತನೆ, ಪ್ರತಿ ಸಲ ಸಿಗುವುದಕ್ಕಿಂತ ನಿಧಾನವಾಗಿ ನಂದುತ್ತದೆ. ಮನೆಯಲ್ಲಿ ಅಜ್ಜ ಗುಟ್ಟಾಗಿ ಕೊಡಿಸುವುದೂ ಈ ಲೆಕ್ಕಕ್ಕೆ ಸೇರುತ್ತದೆ.