ಭಾನುವಾರದ ಮೂಳೆ

ಭಾನುವಾರ ಬಾಡೂಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಗಳೆಲ್ಲ ಹಿತ್ತಿಲಿನ ನಾಯಿಗೆ. ನಮ್ಮ ಕರಿಯನೂ ಹಾಗೇ ಬೆಳೆದವನು. ಒಂದು ಸಲ ಕೋಳಿ ಮೂಳೆಯ ಸೀಳೊಂದು ಅವನ ಅಂಗುಳಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿತು. ಮುಂಗಾಲಿನಲ್ಲಿ ಬಾಯಿ ಕೆರೆದುಕೊಳ್ಳುತ್ತಾ ಅಂಗಳ ತುಂಬಾ ಒದ್ದಾಡಿದ. ತೋಳದ ಸಂಬಂಧಿಗೆ ಮೂಳೆ ಯಾಕಪ್ಪಾ ಚುಚ್ಚಬೇಕು ಅಂತ ನನಗೆ ಅವತ್ತು ಅನ್ನಿಸಿತು.

ತಪ್ಪು ಒಲೆಯದು. ಮೂಳೆ ಅಂದರೆ ಬರೀ ಸುಣ್ಣ ಅಲ್ಲ. ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ, ರಂಜಕ ಸೇರಿದ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಅನ್ನುವ ಪ್ರೋಟೀನ್ ನಾರು, ಜೊತೆಗೆ ಸ್ವಲ್ಪ ನೀರು. ಖನಿಜದಿಂದ ಗಟ್ಟಿತನ, ನಾರಿನಿಂದ ಬಾಗುವ ಗುಣ. ನಂಬಿಕೆ ಬರದಿದ್ದರೆ ಒಂದು ಕೋಳಿ ಮೂಳೆಯನ್ನು ವಾರ ಪೂರ್ತಿ ವಿನಿಗರ್‌ನಲ್ಲಿ ಮುಳುಗಿಸಿಡಿ. ಖನಿಜ ಕರಗಿ, ಮೂಳೆ ರಬ್ಬರಿನ ಹಾಗೆ ಬಾಗುತ್ತದೆ. ಬೇಯಿಸಿದಾಗ ಆಗುವುದು ಇದರ ಉಲ್ಟಾ. ಬಿಸಿಗೆ ಕೊಲಾಜೆನ್ ಸಡಿಲಗೊಂಡು ಜೆಲಟಿನ್ ಆಗುತ್ತದೆ. ಕಾಲು ಸೂಪ್ ಆರಿದ ಮೇಲೆ ಅಂಟಂಟಾಗಿ ಹೆಪ್ಪುಗಟ್ಟುತ್ತಲ್ವಾ, ಆ ಅಂಟು ಇದೇ. ಹಿಡಿದಿಡುವ ನಾರು ಹೋದ ಮೂಳೆ ಹಲ್ಲಿಗೆ ಸಿಕ್ಕರೆ ಚೂಪಾಗಿ ಸೀಳುತ್ತದೆ. ಕಬಾಬ್, ತಂದೂರಿ ಮೂಳೆಯಲ್ಲಿ ನೀರೂ ಆರಿರುತ್ತದೆ, ಅದು ಇನ್ನೂ ಕಷ್ಟ. ಸಾರಿನ ಮೂಳೆಗೆ ಮೆತ್ತಿದ ಈರುಳ್ಳಿ ಬೇರೆ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಅಂಗಡಿಯ ಪ್ಯಾಕೆಟ್ ಮೂಳೆ ವಾಸಿ ಅಂದುಕೊಳ್ಳಬೇಡಿ. ಅವನ್ನೂ ಹೊಗೆಯಲ್ಲೋ ಒಲೆಯಲ್ಲೋ ಒಣಗಿಸಿರುತ್ತಾರೆ. ಇಂಥವುಗಳ ಬಗ್ಗೆ ಸುಮಾರು 68 ದೂರು ಬಂದಿವೆ, 15 ನಾಯಿಗಳು ಸತ್ತ ವರದಿಯಿದೆ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು.

ಹಾಗಾದರೆ ಹಸಿ ಮೂಳೆ? ಅದರಿಂದ ಲಾಭ ಇದೆ. ಬ್ರೆಜಿಲ್‌ನಲ್ಲಿ ಬೀಗಲ್ ನಾಯಿಗಳಿಗೆ ಹಸಿ ದನದ ಮೂಳೆ ಕೊಟ್ಟು ನೋಡಿದಾಗ, ಎರಡು ವಾರದೊಳಗೆ ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಪಾಚಿ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಆದರೆ ಮಟನ್ ಅಂಗಡಿಯಲ್ಲಿ ಸುಮ್ನೆ ಮೂಳೆ ಕೇಳಿದರೆ ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ಕೊಚ್ಚಿಯೇ ಕೊಡುತ್ತಾರೆ. ಆ ಚೂರುಗಳ ಅಂಚು ಆಗಲೇ ಬ್ಲೇಡಿನಂತಿರುತ್ತದೆ. "ಕೊಚ್ಚಬೇಡಿ, ಇಡಿಯಾಗಿ ಕೊಡಿ" ಅನ್ನಬೇಕು. ನಾಯಿಯ ಮೂತಿಗಿಂತ ಉದ್ದ ಇರಲಿ, ನುಂಗಲು ಆಗಬಾರದು. ಕೀಲಿನ ಗಂಟಿರುವ ತುದಿ ಒಳಗೆ ಸ್ಪಂಜಿನ ಹಾಗೆ, ಸ್ವಲ್ಪ ಮೆದು. ದನ, ಎಮ್ಮೆಯ ಕಾಲಿನ ನಡುಮೂಳೆ ಮಾತ್ರ ಬೇಡ. ಕ್ವಿಂಟಾಲ್‌ಗಟ್ಟಲೆ ಭಾರ ಹೊತ್ತ ಮೂಳೆ ಅದು. ನಾಯಿಗೆ 42 ಹಲ್ಲು. ಅದರಲ್ಲಿ ಮೂಳೆ ಕಡಿಯುವ ಕತ್ತರಿ ಅಂದರೆ ಮೇಲ್ದವಡೆಯ ಹಿಂಬದಿಯ ದೊಡ್ಡ ಹಲ್ಲು. ಅದರ ಎನಾಮಲ್ ನಮ್ಮದಕ್ಕಿಂತ ತೆಳು. ತೀರಾ ಗಟ್ಟಿ ಮೂಳೆ ಕಚ್ಚಿದರೆ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದು ಬರುತ್ತದೆ. ಪಶುವೈದ್ಯರು ಹೇಳುವ ಪರೀಕ್ಷೆ ಸುಲಭ: ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇದ್ದರೆ ಕೊಡಬೇಡಿ. ಈ ಪರೀಕ್ಷೆಯಲ್ಲಿ ಎಷ್ಟೋ ಮೂಳೆಗಳು ಫೇಲು, ಹಾಗಾಗಿ ಹಸಿ ಮೂಳೆಯನ್ನೂ ಬೇಡ ಅನ್ನುವ ವೈದ್ಯರಿದ್ದಾರೆ. ಅವರ ಮಾತಿನಲ್ಲೂ ನ್ಯಾಯ ಇದೆ.

ಹಸಿ ಮೂಳೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಫ್ರಿಜ್ಜಲ್ಲಿಟ್ಟರೆ ಅದು ಸಾಯುವುದಿಲ್ಲ. ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಿರಿ, ನಾಯಿ ಕಡಿದ ಜಾಗವನ್ನೂ ತೊಳೆಯಿರಿ.

ಕರಿಯನಿಗೆ ಈಗ ಊಟ ಆದ ಮೇಲೆ ಹದಿನೈದು ನಿಮಿಷ ಹಸಿ ಮೂಳೆ, ಅಷ್ಟೇ. ಹಸಿದಿದ್ದರೆ ಗಬಕ್ಕನೆ ನುಂಗಿಬಿಡ್ತಾನೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಕಿತ್ತುಕೊಳ್ಳಲು ಹೋದರೆ ಗುರ್ ಅನ್ನುತ್ತಾನೆ, ಇಲ್ಲವೇ ಗಡಿಬಿಡಿಯಲ್ಲಿ ನುಂಗುತ್ತಾನೆ. ಅದಕ್ಕೇ ಬೇಯಿಸಿದ ಮೊಟ್ಟೆ ಚೂರು ತೋರಿಸಿ ಅದಲು ಬದಲು ಮಾಡಿಕೊಳ್ಳುತ್ತೇನೆ. ಮರುದಿನ ಬೆಳಗ್ಗೆ ಅವನ ಕಕ್ಕ ನೋಡುವುದೂ ನನ್ನದೇ ಕೆಲಸ. ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಮೂಳೆ ಜಾಸ್ತಿಯಾಯಿತು ಅಂತ. ಕಕ್ಕ ಮಾಡಲು ತಿಣುಕುತ್ತಾ ಕೂತರೆ, ರಕ್ತ ಕಂಡರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ ಆ ಹೊತ್ತಿಗೇ ಆಸ್ಪತ್ರೆ. ಕಳೆದ ವಾರ ಸ್ವಲ್ಪ ಬೆಳ್ಳಗಿತ್ತು. ಈ ಭಾನುವಾರ ಅವನಿಗೆ ಮೂಳೆ ಇಲ್ಲ.