ಹ್ಯಾಗ್ಲರ್‌ನ ಸ್ಕೋರ್‌ಕಾರ್ಡ್: 108 ಮತ್ತು 135 ಕಳೆಯುವ ಲೆಕ್ಕ

ಮೊದಲು ಬಾಯಿಪಾಠಕ್ಕೆ: ಬಾಕ್ಸರ್ ಮಾರ್ವಿನ್ ಹ್ಯಾಗ್ಲರ್, ಮಿಡಲ್‌ವೇಟ್ ತೂಕದ ವಿಭಾಗ (160 ಪೌಂಡ್, ಅಂದರೆ 72.6 ಕೆ.ಜಿ.), ಎಡಗೈ ನಿಲುವು. ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್‌ನಲ್ಲಿ ಪೆಟ್ರೊನೆಲ್ಲಿ ಸಹೋದರರ ಬಳಿ ಪಳಗಿದವ. 1973ರಿಂದ 1987ರವರೆಗೆ 67 ಪಂದ್ಯ: 62 ಗೆಲುವು (52 ನಾಕೌಟ್), 3 ಸೋಲು, 2 ಡ್ರಾ.

ಇದರಲ್ಲಿ ವಿಶ್ವಪಟ್ಟದ ಪಂದ್ಯಗಳು 15. ನಾಕೌಟ್ ಇಲ್ಲದೆ ಪೂರ್ತಿ ನಡೆದು, ಮೂವರು ಜಡ್ಜ್‌ಗಳ ಅಂಕಗಳ ಕೈಗೆ ಹೋದದ್ದು ಮೂರೇ: 1979ರಲ್ಲಿ ಆಂಟುಫರ್ಮೊ ಜೊತೆ ಡ್ರಾ, 1983ರಲ್ಲಿ ಡುರಾನ್ ಮೇಲೆ ಗೆಲುವು, 1987ರಲ್ಲಿ ಲೆನಾರ್ಡ್ ಎದುರು ಸೋಲು. ಉಳಿದ 12ರಲ್ಲಿ ಎದುರಾಳಿ ಕೊನೆಯ ರೌಂಡ್ ಮುಗಿಯುವವರೆಗೆ ನಿಲ್ಲಲಿಲ್ಲ. 1980ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮಿಂಟರ್‌ನಿಂದ ಪಟ್ಟ ಕಿತ್ತುಕೊಂಡಿದ್ದು ಮೂರನೇ ರೌಂಡಿನಲ್ಲಿ, 1985ರಲ್ಲಿ ಹರ್ನ್ಸ್‌ನನ್ನು ಮುಗಿಸಿದ್ದೂ ಮೂರನೇ ರೌಂಡಿನಲ್ಲೇ. ಅವಕ್ಕೆ ಲೆಕ್ಕ ಬೇಡ. ತೊಡಕಿರುವುದು ಆ ಮೂರರಲ್ಲಿ.

ಪ್ರತಿ ಜಡ್ಜ್ ತನ್ನ ಕಾರ್ಡಿನಲ್ಲಿ ಬರೆಯುವುದು ಹೀಗೆ: ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ಸಮ ಎನಿಸಿದರೆ ಇಬ್ಬರಿಗೂ 10. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ 118-110 ಬಿಗಿ ಪಂದ್ಯದಂತೆ ಕಾಣುತ್ತದೆ. ಎಡವುವುದು ಇಲ್ಲೇ. ಸೋತವನಿಗೂ ರೌಂಡಿಗೆ 9 ಗ್ಯಾರಂಟಿ. ಅದನ್ನು ಮೊದಲೇ ಕಳೆದುಬಿಡಿ. 12 ರೌಂಡಿಗೆ 108, 15 ರೌಂಡಿಗೆ 135. 118ರಲ್ಲಿ 108 ಹೋದರೆ 10, 110ರಲ್ಲಿ ಹೋದರೆ 2. ಹತ್ತು ರೌಂಡ್ ಒಬ್ಬನಿಗೆ, ಎರಡು ಇನ್ನೊಬ್ಬನಿಗೆ: ಪೂರಾ ಏಕಪಕ್ಷೀಯ.

ಡುರಾನ್ ಪಂದ್ಯ 15 ರೌಂಡಿನದು. ಮೂವರ ಕಾರ್ಡುಗಳು ಹ್ಯಾಗ್ಲರ್‌ಗೆ 144-142, 144-143, 146-145. 135 ಕಳೆದರೆ 9-7, 9-8, 11-10. ಕೂಡಿ ನೋಡಿ: 16, 17, 21! ರೌಂಡು ಇದ್ದದ್ದೇ 15, ಹೆಚ್ಚುವರಿ ಎಲ್ಲಿಂದ ಬಂತು? ಸಮ ರೌಂಡಿನಲ್ಲಿ ಇಬ್ಬರಿಗೂ ಒಂದೊಂದು ಸಿಗುವುದರಿಂದ ಆ ರೌಂಡು ಎರಡು ಸಲ ಎಣಿಕೆಯಾಗುತ್ತದೆ. 15ಕ್ಕಿಂತ ಹೆಚ್ಚಾದಷ್ಟು ಸಮ ರೌಂಡುಗಳು: ಒಂದು, ಎರಡು, ಆರು. ಮೂರನೇ ಜಡ್ಜ್ ಆರು ರೌಂಡುಗಳಲ್ಲಿ ತೀರ್ಪನ್ನೇ ಕೊಟ್ಟಿಲ್ಲ ಎನ್ನಬೇಕು. 13 ರೌಂಡ್ ಮುಗಿದಾಗ ಡುರಾನ್ ಎರಡು ಕಾರ್ಡುಗಳಲ್ಲಿ ಒಂದು ಅಂಕ ಮುಂದಿದ್ದ, ಒಂದರಲ್ಲಿ ಸಮ. ಕೊನೆಯ ಎರಡು ರೌಂಡ್ ಮೂರೂ ಕಾರ್ಡಿನಲ್ಲಿ ಹ್ಯಾಗ್ಲರ್‌ಗೆ ಬಂದವು.

ಎಚ್ಚರಿಕೆ: ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 10-8 ಕೊಡುತ್ತಾರೆ, ಆಗ ಈ ಕಳೆಯುವ ಲೆಕ್ಕ ಕೈಕೊಡುತ್ತದೆ. ಈ ಮೂರು ಪಂದ್ಯಗಳಲ್ಲಿ ಯಾರೂ ಬಿದ್ದಿಲ್ಲ, ಹಾಗಾಗಿ ಧೈರ್ಯವಾಗಿ ಬಳಸಬಹುದು.

ಡ್ರಾ ಆದರೆ ಪಟ್ಟ ಚಾಂಪಿಯನ್ನನ ಬಳಿಯೇ ಉಳಿಯುತ್ತದೆ. 1979ರಲ್ಲಿ ಚಾಂಪಿಯನ್ ಆಂಟುಫರ್ಮೊ; ಒಬ್ಬ ಜಡ್ಜ್ ಹ್ಯಾಗ್ಲರ್‌ಗೆ, ಒಬ್ಬ ಆಂಟುಫರ್ಮೊಗೆ, ಒಬ್ಬ ಸಮ ಎಂದು ಬರೆದರು. ಹ್ಯಾಗ್ಲರ್ ಬರಿಗೈಲಿ ಹೋದ.

ಈಗ ಲೆನಾರ್ಡ್, 12 ರೌಂಡ್. ಜಡ್ಜ್‌ಗಳಲ್ಲಿ ಗ್ವೆರಾ 118-110 ಲೆನಾರ್ಡ್‌ಗೆ, ಮೊರೆಟ್ಟಿ 115-113 ಲೆನಾರ್ಡ್‌ಗೆ, ಫಿಲಿಪ್ಪೊ 115-113 ಹ್ಯಾಗ್ಲರ್‌ಗೆ. ಅಂದರೆ ಲೆನಾರ್ಡ್ ಕಡೆಯಿಂದ ನೋಡಿದರೆ 10-2, 7-5, 5-7. ಎಲ್ಲರೂ ಗ್ವೆರಾ ಕಾರ್ಡನ್ನೇ ಬೈಯುತ್ತಾರೆ, ಆದರೆ ಅದು ಲೆನಾರ್ಡ್‌ಗೆ 115-113 ಆಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ನೋಡಬೇಕಾದ್ದು ಮೊರೆಟ್ಟಿಯದು. ಅದರಲ್ಲಿ ಒಂದೇ ರೌಂಡ್ ಆಚೆಯಿಂದ ಈಚೆ ಬಂದಿದ್ದರೆ 6-6, 114-114. ಆಗ ಇಡೀ ಪಂದ್ಯ ಡ್ರಾ, ಬೆಲ್ಟ್ ಹ್ಯಾಗ್ಲರ್ ಸೊಂಟದಲ್ಲೇ. ಅವನೋ ಶುರುವಿನ ರೌಂಡುಗಳನ್ನು ತನ್ನದಲ್ಲದ ಬಲಗೈ ನಿಲುವಿನಲ್ಲಿ ಆಡಿ ಕೈಬಿಟ್ಟಿದ್ದ. ಮತ್ತೆ ರಿಂಗಿಗೆ ಇಳಿಯಲಿಲ್ಲ.